ಬಟ್ಯಪ್ಪ ಮಾಮನ ಅಳತೆ ಪುಸ್ತಕ

ಕುಂಬಳೆ ಸ್ಟೇಶನ್ನಿನಿಂದ ಇಳಿದು ಬಂದರೆ
ಎಡಕ್ಕೆ ಮೂರನೇ ಕೋಣೆ,
ಬಟ್ಯಪ್ಪ ಮಾಮನ ಟೈಲರಂಗಡಿ.
ಏಳನೇ ಕ್ಲಾಸಿನ ದೊಡ್ಡ ರಜೆಯಲ್ಲಿ
ನನಗಲ್ಲಿ ಕಾಜ ಹೊಲಿಯುವ ಕೆಲಸ.
ಅಂಗಿಗೆ ಆರು ಕಾಜ, ಆರಕ್ಕೆ ಮೂವತ್ತು ಪೈಸೆ.
ಬೆರಳಿಗೆ ಚುಚ್ಚಿದ್ದು ಲೆಕ್ಕಕ್ಕಿಲ್ಲ.

ಬಂದವರು ಮೆಟ್ಟಿಲಲ್ಲೇ ಹೆಸರು ಹೇಳುತ್ತಿದ್ದರು,
ತಮ್ಮದಲ್ಲ, ಬಟ್ಟೆಯದ್ದು.
ಆರಿಕ್ಕಾಡಿಯ ಉಮ್ಮಾಲಿಮ್ಮ, ನಾಲ್ಕು ಗಂಡುಮಕ್ಕಳ ತಾಯಿ,
ನಾಲ್ಕು ಕುಪ್ಪಾಯ ಅನ್ನುತ್ತಿದ್ದರು.
ಬೇಳದ ಲಾದ್ರು ಪೊರ್ಬುಗಳಿಗೆ ಅದು ಖಮೀಸು.
ಉಪ್ಪಳದ ಸಾಹೇಬರ ಬಾಯಲ್ಲಿ
ಅದೇ ಖಮೀಸಿನ ಬಾಲ ಜುಂಯ್‌ಗುಟ್ಟಿ ಖಮೀಜ಼್.
ಒಂದು ಪರಂಗಿಯವರ ಹಡಗಿನಲ್ಲಿ ಬಂದದ್ದು,
ಇನ್ನೊಂದು ಅರಬರ ಬಾಯಿಂದ ಬಾಯಿಗೆ;
ನಮ್ಮ ಬೆಂಚಿನಲ್ಲಿ ಪಕ್ಕಪಕ್ಕ ಕೂತು
ಪರಿಚಯವಿಲ್ಲದ ದಾಯಾದಿಗಳ ಹಾಗೆ
ಬೀಡಿಗೆ ಬೆಂಕಿ ಕೇಳುತ್ತಿದ್ದವು.
ತೆಂಕಿನಿಂದ ವರ್ಗವಾಗಿ ಬಂದ ಪೋಸ್ಟುಮಾಸ್ಟ್ರು ಮಾತ್ರ
ಷರ್ಟ್, ಎಂದು ಅಂಚೆಮುದ್ರೆ ಒತ್ತಿದ ಹಾಗೆ.

ಮಾಮ ಎಲ್ಲರಿಗೂ ಬರೆದದ್ದು ಒಂದೇ: ಅಂ.
ಅಂ, ಉದ್ದ ಇಪ್ಪತ್ತೆಂಟು, ಹೆಗಲು ಹದಿನೇಳು, ಕೈ ಒಂಬತ್ತೂವರೆ.
'ಅಂಗಕ್ಕೆ ಹಾಕುವುದಲ್ಲವ, ಅದಕ್ಕೆ ಅಂಗಿ.'
'ಹಾಗಾದರೆ ಅಂಗಡಿ?' ಅಂದೆ.
'ಬಾಯಿ ಹೊಲಿದುಕೊಂಡು ಕಾಜ ಹೊಲಿ.'

ಪಾಠಪುಸ್ತಕದಲ್ಲಿ ಅಂಗಿಗೆ ಇರುವುದು ಗುಂಡಿ.
ನಮಗೆ ಗುಂಡಿ ಅಂದರೆ ತೆಂಗಿನ ಸಸಿ ನೆಡುವ ಜಾಗ,
ಅಂಗಿಯಲ್ಲಿ ಇರುವುದು ಗುಬ್ಬಿ.
ಪೊರ್ಬುಗಳು ಒಂದು ದಿನ ಕನ್ನಡಕ ಒರೆಸುತ್ತಾ ಹೇಳಿದರು:
'ಕಾಜ ಅಂದರೆ ಪರಂಗಿ ಭಾಷೆಯಲ್ಲಿ ಮನೆ, ಮಗಾ.
ಪಾದ್ರಿಗಳೇ ಹೇಳಿದ್ದು.'
ಆ ಮಧ್ಯಾಹ್ನ ಪೂರ್ತಿ
ಬಿಳಿ ಟೆರಿಕಾಟಿನ ಮೇಲೆ ತಲೆ ಬಗ್ಗಿಸಿ
ನಾನು ಗುಬ್ಬಿಗಳಿಗೆ ಮನೆ ಕಟ್ಟಿದೆ.
ಎರಡಕ್ಕೆ ಬಾಗಿಲು ದೊಡ್ಡದಾಯಿತು, ಬೈಸಿಕೊಂಡೆ.

ಬ್ಯಾಂಕಿಗೆ ಗದಗಿನ ಕಡೆಯಿಂದ ಬಂದಿದ್ದ ಮುಳಗುಂದಮಠರ ಹೆಂಡತಿ
ನೀಲಗಂಗಾ, ತುಂಬು ಬಸುರಿ,
ದಿಂಬಿನ ಚೀಲ ಹೊಲಿಸಲು ಬಂದು ಕೂತಿದ್ದಾಗ
ಉಮ್ಮಾಲಿಮ್ಮನ ಕುಪ್ಪಾಯ ಕಿವಿಗೆ ಬಿತ್ತು.
ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.
'ಅಯ್ಯ, ನಮ್ಮ ಕಡೆ ಕುಬಸ ಅಂದ್ರ ಹೆಣ್ಮಕ್ಕಳ್ದು!
ಏಳನೇ ತಿಂಗಳಾಗ ತವರಿನವರು ಹಸಿರು ತಂದು ತೊಡಸ್ತಾರ.
ಗಣಮಕ್ಕಳು ಎಲ್ಲಿ ಕುಬಸ ತೊಡ್ತಾರ...'
ನಗು ಅಲ್ಲಿಗೇ ನಿಂತಿತು.
ಉಮ್ಮಾಲಿಮ್ಮನಿಗೆ ಆ ಕನ್ನಡ ಅರ್ಧವೂ ತಿಳಿಯಲಿಲ್ಲ.
'ಎಷ್ಟು ತಿಂಗಳು?' ಕೇಳಿದರು.
ಏಳು.
'ತಾಯಿ?'
ನೀಲಗಂಗಾ ಮೆಷಿನ್ನಿನ ಚಕ್ರ ನೋಡುತ್ತಿದ್ದರು.

ಸೋಮವಾರ ಉಮ್ಮಾಲಿಮ್ಮ ಬಂದದ್ದು ಒಬ್ಬರೇ ಅಲ್ಲ,
ನೀಲಗಂಗಾರ ಕೈ ಹಿಡಿದುಕೊಂಡು.
ಕಂಕುಳಲ್ಲಿ ಕಾಗದದ ಕಟ್ಟು, ಅದರಲ್ಲಿ
ಹಸಿರೆಂದರೆ ಹಸಿರು, ಎಂಬತ್ತು ಸೆಂಟಿಮೀಟರು.

ಮಾಮ ಪೆನ್ಸಿಲು ನಾಲಿಗೆಗೆ ತಾಗಿಸಿ
ತುಂಬ ಹೊತ್ತು ಸುಮ್ಮನಿದ್ದ.
ಅಂ ಬರೆಯಲಿಲ್ಲ.
ಬರೆದ: ಕು.
ಕನ್ನಡ ಓದಲು ಬಾರದ ಉಮ್ಮಾಲಿಮ್ಮ ಬಗ್ಗಿ ನೋಡಿದರು,
'ಎಂತ ಬರೆದದ್ದು?'
'ನೀವು ಹೇಳಿದ್ದೇ.'
ನೀಲಗಂಗಾರೂ ಬಗ್ಗಿದರು. 'ನಾ ಹೇಳಿದ್ದಲ್ಲೇನು?'

'ಒಳಗೆ ಎರಡು ಬೆರಳು ಬಟ್ಟೆ ಬಿಡು ಬಟ್ಯಪ್ಪ,' ಅಂದರು ಉಮ್ಮಾಲಿಮ್ಮ,
'ಹೆತ್ತ ಮೇಲೆ ಮೈ ಬರುತ್ತದೆ.'

ಕುಬಸಕ್ಕೆ ಕೊಕ್ಕೆ. ಕಾಜ ಇಲ್ಲ.
ನನಗೆ ಆ ದಿನ ಮೂವತ್ತು ಪೈಸೆ ನಷ್ಟ.