ಭಾರ ಬಿದ್ದಮೇಲೆ ಬಿಗಿ

ಭಾನುವಾರ ಕ್ಲಾಸಿಲ್ಲ.
ಪೆನ್ಷನ್ ಮೊಹಲ್ಲಾದ ನಮ್ಮ ಓಣಿಯಲ್ಲಿ
ಎಲ್ ಬೋರ್ಡಿನ ಬಿಳಿ ಆಲ್ಟೊ
ಮುಂದಿನ ಎಡಗಾಲು ಬಿಚ್ಚಿಕೊಂಡು ಕೂತಿದೆ.
ಕೆಳಗೆ ಜಾಕು. ಜಾಕಿನ ಮೇಲೆ ನಂಬಿಕೆಯಿಲ್ಲದೆ
ಕಾಂಪೌಂಡ್ ಕಟ್ಟಿ ಮಿಕ್ಕ ಎರಡು ಸೈಜುಗಲ್ಲು.
ಅದರ ಮೇಲೂ ನಂಬಿಕೆಯಿಲ್ಲದೆ, ಬಿಚ್ಚಿದ ಚಕ್ರ.

ಮೂರು ತಿಂಗಳಿಂದ ಕಟಕಟ.
ಹಂಪು ಹತ್ತಿದರೆ ಒಂದು, ಇಳಿದರೆ ಎರಡು.
"ನಾನೇನಾದರೂ ಮುರಿದೆನಾ ಮೇಡಂ?"
ಕಲಿಯುವವರ ಮುಖ ಬಿಳಿಚಿಕೊಳ್ಳುತ್ತಿತ್ತು.
ಬಿಡಿ, ಕಾರು ಹಳೇದು, ನಿಮ್ಮದೇನಿಲ್ಲ ಅನ್ನುತ್ತಿದ್ದೆ.
ಸುಳ್ಳು. ಅವರದೇ.

ಈಗ ಕೈಗೆ ಬಂದಿರುವ ಲೋಯರ್ ಆರ್ಮಿನ ಬುಷ್ ನೋಡಿ:
ಮಾಘದ ಹಿಮ್ಮಡಿಯಂತೆ ಸೀಳಿದೆ ರಬ್ಬರು.
ಈ ಸೀಳು, ಕೋಳಿಗೆ ಹೆದರಿ ಮೋರಿಗಿಳಿಸಿದ
ರಿಟೈರ್ಡ್ ಶಿರಸ್ತೇದಾರರದು.
ಇದು, ಸಾಲಗಾಮೆ ರಸ್ತೆಯ ಗುಂಡಿಗಳನ್ನೆಲ್ಲ
ಹಾಜರಿ ಕೂಗಿದಂತೆ ಒಂದೂ ಬಿಡದೆ ಮುಟ್ಟಿದ
ನರ್ಸ್ ಫಿಲೋಮಿನಾಳದು.
ಈ ಆಳದ್ದು, ಗಂಡನಿಗೆ ಗೊತ್ತಾಗದಂತೆ
ಬೆಳಗಿನ ಆರಕ್ಕೆ ಬಂದು ಹನ್ನೊಂದು ಕ್ಲಾಸು ಕಲಿತು
ಹನ್ನೆರಡನೆಯದಕ್ಕೆ ಬಾರದೆ ಹೋದವಳದು.
ಕ್ಲಚ್ ಬಿಡುವಾಗ ಉಸಿರು ಹಿಡಿಯುತ್ತಿದ್ದಳು.
ಕಟ್ಟಿದ ಫೀಸಿನಲ್ಲಿ ಒಂಬತ್ತು ಕ್ಲಾಸು
ನಾನೇ ಅವಳಿಗೆ ಬಾಕಿ.

ಬಾಲ್ ಜಾಯಿಂಟಿನ ನಟ್ಟು ಮಿಸುಕುವುದಿಲ್ಲ.
ರಾತ್ರಿಯೇ ಡೀಸೆಲ್ ಕುಡಿಸಿದ್ದೆ,
ಬೆಳಿಗ್ಗೆ ಸುತ್ತಿಗೆಯಿಂದ ಬುದ್ಧಿ ಹೇಳಿದ್ದೆ,
ಅದರ ವಂಶವನ್ನೂ ಬೈದೆ.
ಕೊನೆಗೆ ಸ್ಪ್ಯಾನರಿಗೆ ಹಳೇ ಬೋರಿನ ಪೈಪು ತೂರಿಸಿ
"ಹತ್ತು ನಿಶ್ಚಿತಾ" ಅಂದೆ.
ಬಿಕಾಂ ಮೊದಲ ವರ್ಷ, ನಲವತ್ತೆರಡು ಕೆಜಿ,
ಎನ್.ಆರ್. ಸರ್ಕಲ್ಲಿನ ಡಿವೈಡರ್ ಹತ್ತಿಸಿದ ತಪ್ಪಿಗೆ
ಟಾರ್ಚ್ ಹಿಡಿಯಲು ಬಂದವಳು.
ಪೈಪಿನ ತುದಿಯಲ್ಲಿ ನಿಂತು ಕುಪ್ಪಳಿಸಿದಳು.
ಟಣ್.
ಓಣಿಯ ನಾಯಿ ಎದ್ದು ಜಾಗ ಬದಲಿಸಿತು.

ಎದುರುಮನೆಯವರು ಪೇಪರ್ ಇಳಿಸಿದರು:
"ಮೆಕ್ಯಾನಿಕ್ ಸಿಗಲಿಲ್ವಾ?"
ಸಿಕ್ಕಿದ್ದ. ಆರೂವರೆ ಸಾವಿರವೂ ಕೇಳಿದ್ದ.

ಸ್ಪ್ರಿಂಗಿನ ಕಥೆ ಬೇರೆ.
ಅದನ್ನು ಅದುಮುವ ಸಾಧನ ದಸ್ತಗೀರ್ ಸಾಬರದು,
ಗೋಣಿಯಲ್ಲಿ ಸುತ್ತಿ ಕೊಟ್ಟು
ಬಲಗೈ ಅಗಲಿಸಿ ತೋರಿಸಿದ್ದರು:
ನಾಲ್ಕು ಬೆರಳು.
"ಎದುರಿಗೆ ಮುಖ ಇಡಬೇಡಮ್ಮ. ಈ ಕಡೆ ಎರಡು ಸುತ್ತು,
ಆ ಕಡೆ ಎರಡು ಸುತ್ತು. ಆತುರ ಬೇಡ."
ಎರಡು. ಎರಡು.
ಸುರುಳಿಗೆ ಸುರುಳಿ ತಾಗುವಷ್ಟು ಹೊತ್ತು
ನಾನೂ ಮಾತಾಡಲಿಲ್ಲ, ಅವಳೂ.
ಒಳಗೆ ಕುಕ್ಕರ್ ಕೂಗಿತು ನೋಡಿ,
ಇಬ್ಬರೂ ಹಾರಿ ಗೋಡೆಗೆ ಅಂಟಿದೆವು.

ಮಧ್ಯಾಹ್ನಕ್ಕೆ ಹೊಸ ಸ್ಟ್ರಟ್ಟು ನಿಂತಿತು, ಹೊಸ ಆರ್ಮು ಕೂತಿತು.
ನಿಶ್ಚಿತಾ ಹುರುಪಿನಲ್ಲಿ ಗಟ್ಟಿ ಬಿಗಿಯಲು ಹೋದಳು.
ತಾಳು ಹುಡುಗಿ.
ಚಕ್ರ ಗಾಳಿಯಲ್ಲಿ ನೇತಾಡುವಾಗ
ಬುಷ್ಷಿನ ಬೋಲ್ಟು ಬಿಗಿಯಬಾರದು.
ಈಗ ಕೈಬಿಗಿ ಸಾಕು. ಇಳಿಸೋಣ, ನೆಲ ಮುಟ್ಟಲಿ,
ತನ್ನ ಭಾರ ತಾನು ಹೊತ್ತು
ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿ ನಿಲ್ಲಲಿ,
ಆಮೇಲೆ ಬಿಗಿ.
ಇಲ್ಲದಿದ್ದರೆ ಸುಮ್ಮನೆ ನಿಂತಾಗಲೂ
ತಿರುಚಿಕೊಂಡೇ ಇರುತ್ತದೆ ರಬ್ಬರು.
ಓಡದೆಯೂ ಹರಿಯುತ್ತದೆ.

"ಇದೆಲ್ಲ ಯಾರು ಹೇಳಿಕೊಟ್ಟಿದ್ದು ಯಶೋದಕ್ಕ?"
ನನಗೆ ಹತ್ತೊಂಬತ್ತಕ್ಕೇ ಮದುವೆ ಕಣೇ, ಅಂದೆ.
ಅದಕ್ಕೂ ಇದಕ್ಕೂ ಏನು ಅಂತ ಅವಳು ಕೇಳಲಿಲ್ಲ.
ಹದಿನಾಲ್ಕರ ಸ್ಪ್ಯಾನರ್ ಕೇಳಿದರೆ
ಹದಿನೇಳರದು ಕೊಟ್ಟಳು.

ಸಂಜೆ ಸ್ಟೇಡಿಯಂವರೆಗೆ ಒಂದು ಸುತ್ತು.
ಕಟಕಟ ಇಲ್ಲ. ಹಂಪಿನಲ್ಲಿ ಕಾರು
ತುಂಬಿದ ಬಿಂದಿಗೆ ಹೊತ್ತವಳಂತೆ ಇಳಿದು ಎದ್ದಿತು.
ಸ್ಟೀರಿಂಗ್ ಮಾತ್ರ ಸೊಟ್ಟ, ದಾರಿ ನೆಟ್ಟಗೆ.
"ಯಾವುದನ್ನು ನೋಡಲಿ?" ಅಂದಳು ನಿಶ್ಚಿತಾ.
ನಾಳೆ ಅಲೈನ್‌ಮೆಂಟ್ ಮಾಡಿಸೋಣ, ಇವತ್ತು ನಾಯಿ ನೋಡು.

ಮನೆಗೆ ಬಂದರೆ ಸೈಜುಗಲ್ಲಿನ ಮೇಲೆ
ತಣ್ಣಗೆ ಹೊಳೆಯುತ್ತ ಒಂದು ವಾಷರ್.
ಅವಳು ನನ್ನ ಮುಖ ನೋಡಿದಳು, ನಾನು ಅವಳದು.
ಎದುರುಮನೆಯ ಪೇಪರು ಮತ್ತೆ ಇಳಿಯಿತು.

ಜಾಕು ತಾ, ಅಂದೆ.