ಎಂಟೇ ಕುರ್ಚಿ

ಡೆಲ್ಫೀನ್, ನಿನ್ನ ಅಂಗಡಿಯ ಬಾಗಿಲ ಗಂಟೆ ಸುಮ್ಮನಾಗುವ ಮುನ್ನವೇ
ಹೇಳಿಬಿಡುತ್ತೇನೆ: ಮುಖಪುಟ ಸುಳ್ಳು.
ಅದರಲ್ಲಿ ಕಬ್ಬಿಣಗೊರಳ ಸತ್ತು ಬಿದ್ದಿದ್ದಾನೆ,
ಸುತ್ತ ಎಂಟು ಮಂದಿ ತಲೆ ತಗ್ಗಿಸಿದ್ದಾರೆ, ಮಳೆ ಬೇರೆ.
ಒಳಗೆ ಅವನಿಗೆ ಆದದ್ದು ನೆಗಡಿ.
ಐದು ಡಾಲರು ತೆತ್ತು
ನೆಗಡಿ ಕೊಂಡೆ.

ಟೊಲೀಡೊದಲ್ಲಿ ಗಾಜು ಕೂರಿಸುವವನು ನಾನು.
ಅಪ್ಪ ಫೆರೆಂತ್ಸ್ ಕುಲುಮೆಯ ಬಾಯಲ್ಲಿ ನಿಂತು ಹುಬ್ಬು ಸುಟ್ಟುಕೊಂಡವನು.
ಬೇರೆಯವರು ಗುದ್ದು ಎಣಿಸಿದರೆ
ನಾನು ಕಿಟಕಿ ಎಣಿಸುತ್ತೇನೆ.
ಈ ಸಂಚಿಕೆಯಲ್ಲಿ ನಾನೂರ ಆರು.
ಬ್ಯಾಂಕಿನ ಮೂವತ್ತೆರಡು ಅಂತಸ್ತು ಒಂದೇ ಚೌಕದಲ್ಲಿ
ಛಳ್ಳನೆ, ಹಳದಿ ಅಕ್ಷರದಲ್ಲಿ.
ದಪ್ಪ ಗಾಜು ಹಾಗೆ ಕಿರುಚುವುದಿಲ್ಲ, ಕಣೇ.
ಮೊದಲು ಕೆಮ್ಮುತ್ತದೆ, ಆಮೇಲೆ
ಕಡಲೆಮೂಟೆ ಬಿಚ್ಚಿದ ಹಾಗೆ ಸುರಿಯುತ್ತದೆ.
ಈ ಚಿತ್ರಗಾರ ಎಂದೂ ಗಾಜು ಗುಡಿಸಿದವನಲ್ಲ.

ಹನ್ನೊಂದು ಪುಟ ಕಾದಾಟ.
ಹಗಲುಗಳ್ಳ ಗುದ್ದುತ್ತಾನೆ, ಮಿಣುಕಿ ಮಿಣುಕುತ್ತಾಳೆ,
ಬೆಟ್ಟ ಅಗೆಯುತ್ತಾರೆ (ನಿಜವಾಗಿಯೂ; ಒಂಬತ್ತನೆಯ ಪುಟದಲ್ಲಿ ಬೆಟ್ಟವೇ ಇದೆ),
ಹಿಡಿದದ್ದು ಇಲಿ.
ಅದೂ ಕಳೆದ ತಿಂಗಳು ತಪ್ಪಿಸಿಕೊಂಡ ಇಲಿಯೇ.
ಎತ್ತಿದ ಮುಷ್ಟಿ ಮುಖ ತಲಪುವುದರೊಳಗೆ
ಹದಿನಾಲ್ಕು ಸಾಲು ಭಾಷಣ;
ಮೂಗಿಗಿಂತ ಮೂಗುತಿ ಭಾರ.
ಹೊಸ ಬರಹಗಾರನಂತೆ. ಇರಲಿ,
ಅವನಿಗೂ ಮನೆಬಾಡಿಗೆ ಇರುತ್ತದೆ.

ಆದರೆ ಆರನೆಯ ಪುಟ ತೆಗೆ.
ಸಭೆ. ದುಂಡು ಮೇಜು. ಎಣಿಸು.
‘ಉತ್ತರದ ಒಂಬತ್ತು ಮಂದಿ’ಗೆ ಎಂಟೇ ಕುರ್ಚಿ.
ದೂರಗಿವಿ ನಿಂತಿದ್ದಾಳೆ, ನೀರಿನ ಜಾಡಿಯ ಪಕ್ಕ.
ಯಾರೂ ಏನೂ ಅನ್ನುವುದಿಲ್ಲ. ಅವಳೂ.
ಚಿತ್ರಗಾರ ಮರೆತನೋ, ಬೇಕೆಂದೇ ಬಿಟ್ಟನೋ,
ಹಳೆಯ ಸಂಚಿಕೆಗಳ ಪೆಟ್ಟಿಗೆ ಇಳಿಸಿದೆ,
ಅಡುಗೆಮನೆಯ ನೆಲದ ಮೇಲೆ ರಾತ್ರಿ ಎರಡರವರೆಗೆ ಹರಡಿಕೊಂಡೆ.
ನೂರ ನಾಲ್ಕರಲ್ಲೂ ನಿಂತಿದ್ದಾಳೆ.
ತೊಂಬತ್ತೇಳರಲ್ಲಿ ಬಾಗಿಲಿಗೆ ಒರಗಿದ್ದಾಳೆ.
ಎಂಬತ್ತೊಂದರಲ್ಲಿ ಮೊಣಕೈ ಮಾತ್ರ, ಮಿಕ್ಕ ಹೆಂಗಸು ಚೌಕದ ಆಚೆ.
ಒಂಬತ್ತು ವರ್ಷ, ಡೆಲ್ಫೀನ್,
ನಾನೂ ನೋಡಿರಲಿಲ್ಲ.
ಕಿಟಕಿ ಎಣಿಸುತ್ತಿದ್ದೆ.

ಆಮೇಲೆ ಹದಿನೆಂಟು.
ಉಳಿದವರು ಗೆದ್ದು ಕೇಕೆ ಹಾಕಿ ಪುಟದಿಂದ ಹಾರಿಹೋದ ಮೇಲೆ
ಅವಳು ಮೊಣಕಾಲೂರಿ ಗಾಜಿನ ರಾಶಿಗೆ
ಕಿವಿ ಇಟ್ಟಿದ್ದಾಳೆ.
ಇಡೀ ಪುಟದಲ್ಲಿ ಒಂದಕ್ಷರವಿಲ್ಲ.
ಕೆಳಗೆಲ್ಲೋ ರಾತ್ರಿ ಪಾಳಿಯ ಕಾವಲುಗಾರ
ಉಸಿರಾಡುತ್ತಿರಬೇಕು. ತೋರಿಸಿಲ್ಲ. ಒಳ್ಳೆಯದಾಯಿತು.
ಅರೆಯುವ ಯಂತ್ರಕ್ಕೆ ನನ್ನ ಎಡಗಿವಿ ಕೊಟ್ಟು ಹನ್ನೆರಡು ವರ್ಷ;
ಬಲಗಿವಿಯನ್ನು ಪುಟದತ್ತ ವಾಲಿಸಿ ಕೂತಿದ್ದೆನಂತೆ,
ನೀರು ಕುಡಿಯಲು ಎದ್ದ ಯೂಡಿತ್ ನಕ್ಕಳು:
“ಕಾಗದ ಏನಂತೆ?”
ಶ್, ಅಂದೆ.

ಹತ್ತಕ್ಕೆ ನಾಲ್ಕು. ಆ ಪುಟಕ್ಕೆ ಬೇಕಾದರೆ ಒಂಬತ್ತು.
ಪೂರ್ತಿ ಹತ್ತು ಕೊಡಲಾರೆ, ಅವಳ ಮೊಣಕಾಲ ಕೆಳಗೆ
ಗಾಜು ಮತ್ತೆ ತಪ್ಪು: ಅಂಥ ಕಟ್ಟಡದ ಗಾಜು
ಚೂರಿಯಾಗುವುದಿಲ್ಲ, ಕಲ್ಲುಸಕ್ಕರೆಯಾಗುತ್ತದೆ.

ಇನ್ನೊಂದು ಮಾತು. ಬೈಯಬೇಡ.
ಗಾಜಿಗೆ ಗುರುತು ಹಾಕುವ ಮೇಣದ ಪೆನ್ಸಿಲಿನಿಂದ
ಆರನೆಯ ಪುಟದಲ್ಲಿ ಒಂದು ಕುರ್ಚಿ ಬರೆದೆ.
ಒಂದು ಕಾಲು ಗಿಡ್ಡ. ಬೆನ್ನು ಸೊಟ್ಟ.
ಇನ್ನು ಇದನ್ನು ನೀನು ರದ್ದಿಯ ಬೆಲೆಗೂ ತಿರುಗಿ ಕೊಳ್ಳುವುದಿಲ್ಲ, ಗೊತ್ತು.
ನಿಂತು ಮಾತಾಡಲು ಹೊತ್ತಿಲ್ಲ,
ವ್ಯಾನಿನಲ್ಲಿ ಬೇಕರಿಯ ಗಾಜು ಕಾಯುತ್ತಿದೆ;
ಒಡೆದದ್ದು ವೀರರಲ್ಲ, ಚೆಂಡಾಡುವ ಹುಡುಗರು.
ಹಾಂ, ನೂರ ಹದಿಮೂರು
ಬಂದ ಬುಧವಾರವೇ ನನಗೊಂದು ತೆಗೆದಿಡು.
ಮುಖಪುಟದಲ್ಲಿ ಯಾರು ಸತ್ತಿದ್ದರೂ ಸರಿ.