ಕತ್ತರಿಸಿ ನೋಡಿದಷ್ಟರಲ್ಲಿ

ಮುಖ ಬರುವುದಿಲ್ಲ ನನ್ನ ಮೇಜಿಗೆ.
ಕೊರಳೊಳಗಿನ ಒಂದು ತುಂಡು ಬರುತ್ತದೆ
ಫಾರ್ಮಲಿನ್ ಡಬ್ಬಿಯಲ್ಲಿ, ಚೀಟಿ ಅಂಟಿಸಿಕೊಂಡು.
ಪರೇಲಿನ ಈ ಮೂರನೇ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ
ಮೇಣದಲ್ಲಿ ಹೂತು, ಮೂರು ಮೈಕ್ರಾನ್ ತೆಳ್ಳಗೆ ಸೀಳಿ,
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು
ಗಾಜಿಗೆ ಎತ್ತಿಕೊಳ್ಳುವುದು ನನ್ನ ಕೆಲಸ.
ಓದುವುದು ವಿಲೂ ಮೇಡಂ.

ಆದರೂ ಕಣ್ಣು ಸುಮ್ಮನಿರುತ್ತದೆಯೇ?
ಮೇಡಂ ಚಹಾಕ್ಕೆ ಎದ್ದಾಗ ಒಂದು ದಿನ ಬಗ್ಗಿ ನೋಡಿದೆ.
ಹಿಂದೆಯೇ ಬಂದು ನಿಂತಿದ್ದರು. ಬೈಯಲಿಲ್ಲ.
"ಏನು ಕಾಣುತ್ತದೆ?"
"ಕೆರೆಗಳು. ಗುಲಾಬಿ ಕೆರೆಗಳು. ದಡದ ಸುತ್ತ ಸಾಲುಮನೆ."
"ಇದು ನೆಟ್ಟಗಿರುವ ಗ್ರಂಥಿ. ಮೊದಲು ಇದನ್ನೇ ನೋಡು, ಬೇಸರವಾಗುವಷ್ಟು.
ನೆಟ್ಟಗಿನದು ಗೊತ್ತಿಲ್ಲದವರಿಗೆ ಸೊಟ್ಟ ಕಾಣದು."

ಆಮೇಲೆ ಒಂದೊಂದಾಗಿ ತೋರಿಸಿದರು.
ಹುಳು ತಿಂದ ಎಲೆಯ ಹಾಗೆ ಕೆರೆಯಂಚು ಕಚ್ಚುಕಚ್ಚಾಗಿದ್ದರೆ ಗ್ರೇವ್ಸ್:
ನಿದ್ದೆಯಿಲ್ಲದ, ಕಣ್ಣುಬ್ಬಿದ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವ ಒಬ್ಬಳು
ಈ ಗಾಜಿನಾಚೆ ಎಲ್ಲೋ ಇದ್ದಾಳೆ.
ಕಾವಲಿಗೆಂದು ಬಂದ ನೀಲಿ ಕಣಗಳೇ
ಕೆರೆ ಮುಚ್ಚಿ ಬಿಡಾರ ಹೂಡಿದ್ದರೆ ಹಾಶಿಮೊಟೊ.
"ನಮ್ಮ ಮುಂಬಯಿಯೇ ಬಿಡಿ" ಎಂದೆ. ನಕ್ಕರು.
ರೀಡೆಲ್ ಕಂಡದ್ದು ಒಮ್ಮೆ ಮಾತ್ರ; ಕಟ್ಟಿಗೆ. ಬ್ಲೇಡು ಕಿರ್ರೆಂದಿತು.
ಪ್ಯಾಪಿಲರಿಯನ್ನು ಈಗ ನಾನೂ ಹಿಡಿಯುತ್ತೇನೆ:
ಕೋಶದ ಬೀಜ ತೊಳೆದಿಟ್ಟ ಗಾಜಿನಂತೆ ಖಾಲಿ,
ಕೆಲವಕ್ಕೆ ನಡುವೆ ಕಾಫಿಬೀಜದ ಗೀರು,
ಅಲ್ಲೊಂದು ಇಲ್ಲೊಂದು ದಾದರ್ ಚೌಪಾಟಿಯ ಮರಳಕಾಳು.
"ಹೆಸರಿಗೆ ಹೆದರಬೇಡ ಶರಣಾ,
ಇದರಲ್ಲಿ ಬಹಳ ಮಂದಿ ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಾರೆ."

ಅಪ್ಪ ಮಿಲ್ಲಿನ ಫೋಲ್ಡಿಂಗ್ ಖಾತೆಯಲ್ಲಿದ್ದ.
ಥಾನನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದ್ದು ಹುಡುಕಿ
ಸೀಮೆಸುಣ್ಣದ ಗುರುತು ಹಾಕುವವ.
"ತಪ್ಪು ಸಿಕ್ಕರ ಆ ದಿನದ ಪಗಾರ ಹಕ್ಕಿಂದು ಅನಸ್ತದ" ಅಂತಿದ್ದ.
ನನ್ನದು ಹಾಗಲ್ಲ.

ಮೊನ್ನೆ ಬಂದದ್ದು: ನಂದಾ ತಾಂಡೇಲ್, ನಲವತ್ತೊಂದು, ಶಿವಡಿ.
ಒಂದೇ ಗಂಟು. ಸುತ್ತ ದಪ್ಪ ಗೋಡೆ.
ಒಳಗೆ ಕಿರುಗೆರೆಗಳು, ಒಂದಕ್ಕೊಂದು ಒತ್ತಿಕೊಂಡು.
ಇಲ್ಲಿ ಕೋಶದ ಮುಖ ನೋಡಿ ಲಾಭವಿಲ್ಲ;
ಸಾಧುವಿಗೂ ಕಳ್ಳನಿಗೂ ಒಂದೇ ಮುಖ.
ಗೋಡೆ ದಾಟಿದೆಯೋ ಇಲ್ಲವೋ, ಅಷ್ಟೇ.
ದಾಟಿದ್ದರೆ ಕ್ಯಾನ್ಸರ್.
ಇಲ್ಲವಾದರೆ ಬುಟ್ಟಿ ಎತ್ತಿಕೊಂಡು ಮತ್ತೆ ಮೀನು ಮಾರಬಹುದು.

"ಔರ್ ಕಾಟೋ."
ಇಡೀ ಗೋಡೆಯನ್ನೇ ಮೇಣಕ್ಕಿಳಿಸಿದೆ, ಹನ್ನೊಂದು ಬ್ಲಾಕು.
ಐದನೆಯದರಲ್ಲಿ ಒಂದು ಕಡೆ ಉಬ್ಬು,
ಒಳಗಿನಿಂದ ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ.
"ಇನ್ನೂ ಆಳಕ್ಕೆ."
ಮೇಣದ ರಿಬ್ಬನ್ನು ಬಂತು, ತೇಲಿತು, ಗಾಜಿಗೇರಿತು.
ಸಿಗದಿರಲಿ, ಸಿಗದಿರಲಿ ಎನ್ನುತ್ತಲೇ ಹುಡುಕುವ ಕೆಲಸ
ಬೇರೆ ಯಾವುದಿದೆಯೋ ನಾನರಿಯೆ.
ಸಿಗದಿರಲಿ.
ಇದ್ದೂ ಸಿಗದಿರುವುದು ಮಾತ್ರ ಬೇಡ.

ಮೂವತ್ತನಾಲ್ಕನೆಯ ಸ್ಲೈಡಿಗೂ ಗೋಡೆ ಗೋಡೆಯೇ.
ಮೇಡಂ ಕನ್ನಡಕ ತೆಗೆದು, ಕಣ್ಣುಜ್ಜಿ, ಬರೆಸಿದರು:
ಕತ್ತರಿಸಿ ನೋಡಿದಷ್ಟರಲ್ಲಿ ಗೋಡೆ ದಾಟಿದ್ದು ಕಂಡಿಲ್ಲ.
"ಆ ಅಷ್ಟರಲ್ಲಿ ಅನ್ನುವುದನ್ನು ತೆಗೆಯಬಾರದೇ?
ಓದಿದರೆ ಪಾಪ ನಿದ್ದೆ ಮಾಡಲಾರಳು."
"ಅವಳು ಓದುವುದಿಲ್ಲ ಶರಣಾ. ಅದು ನನಗೆ."

ಐದನೆಯ ಬ್ಲಾಕಿನಲ್ಲಿ ಇನ್ನೂ ಉಗುರಿನಷ್ಟು ಉಳಿದಿದೆ.
ನಂಬರು ಬರೆದು ಕಪಾಟಿಗೆ ಹಾಕಿದೆ.

ಸಂಜೆ ಶಿವಡಿಯ ಬಸ್ಸು. ಕೂರಲು ಜಾಗವಿಲ್ಲ.
ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಕೋಳಿ ಹೆಂಗಸರ
ಕೊರಳು ಕೊರಳನ್ನೇ ನೋಡುತ್ತ ನಿಂತಿದ್ದೆ.
ಒಬ್ಬಳು ಚಿನ್ನದ ಸರವನ್ನು ಸೆರಗಿನೊಳಗೆ ಸರಿಸಿಕೊಂಡು
ಆಚೆ ತಿರುಗಿ ಕೂತಳು.